ಕೊಳಗ ಯಾರ ಕೈಯಲ್ಲಿದೆ?

ನಮ್ಮ ರಾಜ್ಯದ ಗ್ರಂಥಪಾಲಕರಿಗೆ ಎರಡು ಥರದ ಸಂಘಗಳಿವೆ. ಒಂದು ಬ್ಯಾಗ್ ಕೊಡುವ ಸಂಘ. ಇನ್ನೊಂದು ಬಸ್ ಮಾಡುವ ಸಂಘ.

ಬ್ಯಾಗ್ ಕೊಡುವ ಸಂಘ ಅಂದ್ರೆ ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್.ಡಿ ಎಲ್ಲಾ ಮಾಡಿಕೊಂಡು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವವರದ್ದು. ಎರಡು ದಿನದ ಸಮ್ಮೇಳನ ಇಟ್ಟುಕೊಳ್ತಾರೆ. ನೋಂದಣಿ ಶುಲ್ಕ ಕಟ್ಟಿದವರಿಗೆ ಒಂದು ಬ್ಯಾಗು, ಒಂದು ಪೆನ್ನು, ಮಧ್ಯಾಹ್ನ ಹೋಳಿಗೆ ಊಟ, ಸಂಜೆ ಪ್ರಮಾಣಪತ್ರ. ಪ್ರಬಂಧ ಮಂಡಿಸಿದವರಿಗೆ ಬಡ್ತಿಯ ಫೈಲಿಗೆ ಒಂದು ಹಾಳೆ ಜಾಸ್ತಿ. ವಿಷಯಗಳೋ, ಕೃತಕ ಬುದ್ಧಿಮತ್ತೆ, ಬ್ಲಾಕ್‌ಚೈನ್, ಬಿಗ್ ಡೇಟಾ. ಈ ಪದಗಳಿಂದಲೇ ನನ್ನ ಅನ್ನ ಹುಟ್ಟುವುದು, ಆದರೂ ಹೇಳ್ತೀನಿ: ಪುಸ್ತಕ ಎರವಲು ಕೊಡೋಕೆ ಬ್ಲಾಕ್‌ಚೈನ್ ಬೇಕಿಲ್ಲ ಮಾರಾಯ್ರೆ. ಒಂದು ರಿಜಿಸ್ಟರು, ಒಂದು ಪೆನ್ನು, ಬಾಗಿಲು ತೆಗೆದಿಡುವ ಒಬ್ಬ ಮನುಷ್ಯ ಸಾಕು.

ಬಸ್ ಮಾಡುವ ಸಂಘ ಅಂದ್ರೆ ಆ ಬಾಗಿಲು ತೆಗೆಯುವ ಮನುಷ್ಯರದ್ದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು ಅಂತ ಅವರ ಹೆಸರು. ಗ್ರಂಥಪಾಲಕ ಅಂತ ಕರೆದರೆ ಗ್ರಂಥಪಾಲಕರ ಸಂಬಳ ಕೊಡಬೇಕಾಗುತ್ತಲ್ಲ, ಅದಕ್ಕೆ ಮೇಲ್ವಿಚಾರಕ. ಕೊಡೋದು ಸಂಬಳವಲ್ಲ, ಗೌರವಧನ. 2019ರ ಹೊತ್ತಿಗೆ ಅದು ತಿಂಗಳಿಗೆ 7,000 ರೂಪಾಯಿ ಇತ್ತು. ನಮ್ಮ ಕಡೆ ಅಡಿಕೆ ಕೊನೆ ತೆಗೆಯುವವರನ್ನ ಆ ರೇಟಿಗೆ ಕರೆದು ನೋಡಿ, ಏನಂತಾರೆ ಅಂತ. ಆಮೇಲೆ ಅದು ಜಾಸ್ತಿಯಾಗಿದ್ದರೆ ಯಾರೋ ಮನಕರಗಿ ಕೊಟ್ಟಿದ್ದಲ್ಲ. ಬಸ್ ಮಾಡಿಕೊಂಡು ಬೆಂಗಳೂರಿಗೆ ಹೋಗಿ, ಫ್ರೀಡಂ ಪಾರ್ಕಿನ ಬಿಸಿಲಲ್ಲಿ ಕೂತು ತಂದದ್ದು.

ಈ ಎರಡು ಸಂಘಗಳು ಒಂದು ಮೇಜಿನ ಸುತ್ತ ಕೂತದ್ದನ್ನು ನಾನಂತೂ ನೋಡಿಲ್ಲ. ಬ್ಯಾಗಿನವರಿಗೆ ಬಸ್ಸಿನವರು ವೃತ್ತಿಪರರಲ್ಲ, ಯಾಕಂದ್ರೆ ಡಿಗ್ರಿ ಇಲ್ಲ. ಬಸ್ಸಿನವರಿಗೆ ಬ್ಯಾಗಿನವರು ದೊಡ್ಡ ಸಂಬಳದ ಸಾಹೇಬರು. ಇವರಿಬ್ಬರೂ ಒಂದಾಗದೆ ಕರ್ನಾಟಕದಲ್ಲಿ ಗ್ರಂಥಪಾಲಕರ ಸಂಘ ಅನ್ನೋದು ಇದೆ ಅಂತ ನಾನು ಒಪ್ಪೋದಿಲ್ಲ. ಇರೋದು ಒಂದು ಸಮ್ಮೇಳನ ಸಮಿತಿ, ಒಂದು ಧರಣಿ ಸಮಿತಿ.

ಈಗ ನನ್ನ ಜೊತೆ ಕೆಲಸ ಮಾಡುವವರು ಕೇಳ್ತಾರೆ, ಕೈಯಲ್ಲಿ ಮೊಬೈಲ್ ಇರುವಾಗ ಹಳ್ಳಿಗೆ ಲೈಬ್ರರಿ ಯಾಕೆ, ಲೈಬ್ರರಿಯೇ ಬೇಡದಿರುವಾಗ ಲೈಬ್ರರಿಯವರಿಗೆ ಸಂಘ ಯಾಕೆ ಅಂತ. ಇವರು ಒಂದು ಮಳೆಗಾಲ ಕವಲೇದುರ್ಗದ ಬುಡದಲ್ಲಿ ಇದ್ದು ನೋಡಬೇಕು. ಸಾಗರ, ಹೊಸನಗರದ ಕಡೆ ಜನ ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಅಂತ ಬೋರ್ಡು ಹಿಡಿದು ನಿಂತದ್ದು ತಮಾಷೆಗಲ್ಲ. ಸರ್ಕಾರ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುಮಾಡಿತು, ಒಳ್ಳೆಯದೇ. ಆದರೆ ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಹುಡುಗಿಗೆ ಅದು ಗ್ರಂಥಾಲಯವಲ್ಲ, ಗುಡ್ಡ. ಇನ್ನು ಸಂಘ ಯಾಕೆ ಅನ್ನೋ ಪ್ರಶ್ನೆಯನ್ನು ಐಟಿಯವರು ಕೇಳೋದೇ ಒಂದು ಸೋಜಿಗ. ಸಂಘ ಇಲ್ಲದ ಕಸುಬು ಹೇಗಿರುತ್ತೆ ಅಂತ, ಹದಿನೈದು ನಿಮಿಷದ ವಿಡಿಯೋ ಕಾಲಿನಲ್ಲಿ ಕೆಲಸ ಕಳೆದುಕೊಂಡ ನಮ್ಮವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಲೆನಾಡಿನಲ್ಲಿ ಹುಟ್ಟಿದವನಿಗೆ ಸಂಘದ ಬೆಲೆ ಬೇರೆಯವರು ಕಲಿಸಬೇಕಿಲ್ಲ. ಅಡಿಕೆ ಮಂಡಿಯವರು ಹೇಳಿದ್ದೇ ರೇಟು ಅನ್ನೋ ಕಾಲದಲ್ಲಿ, 1939ರಲ್ಲಿ, ಬೆಳೆಗಾರರು ಮ್ಯಾಮ್‌ಕೋಸ್ ಕಟ್ಟಿಕೊಂಡರು. ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಮ್ ಹುಟ್ಟಿತು. ಆ ಹೆಸರನ್ನು ಬಿಡಿಸಿದರೆ ಕೊನೆಗೆ ಸಿಗೋದೂ ಸಂಘ ಅನ್ನೋ ಪದವೇ. ಇವೆರಡಕ್ಕಿಂತ ನನ್ನ ವಾದಕ್ಕೆ ಹತ್ತಿರದ್ದು ಇನ್ನೊಂದಿದೆ, ಸಾಗರದ ಪಕ್ಕದ ಕಾಗೋಡು. 1951ರ ಕಾಗೋಡು ಸತ್ಯಾಗ್ರಹ ಅಂದಕೂಡಲೇ ಎಲ್ಲರಿಗೂ ಗೋಪಾಲಗೌಡರು, ಲೋಹಿಯಾ ನೆನಪಾಗ್ತಾರೆ. ಅದಕ್ಕೂ ಮುಂಚೆ ಅಲ್ಲಿ ಎಚ್. ಗಣಪತಿಯಪ್ಪ ಕಟ್ಟಿದ ರೈತ ಸಂಘ ಇತ್ತು. ಗೇಣಿದಾರರ ತಕರಾರು ಏನಾಗಿತ್ತು? ಗೇಣಿ ಕಡಿಮೆ ಮಾಡಿ, ದಯಮಾಡಿ, ಅಂತಲ್ಲ. ಒಡೆಯರು ಭತ್ತ ಅಳೆದುಕೊಳ್ಳುವ ಕೊಳಗ ದೊಡ್ಡದಿದೆ, ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ. ಜಗಳ ಇದ್ದದ್ದು ಅಳತೆಯ ಮೇಲೆ. ದಯೆ ಕೇಳಿದವನಿಗೆ ಒಡೆಯ ನಾಲ್ಕು ಸೇರು ಬಿಟ್ಟುಕೊಟ್ಟು ಕಳಿಸಬಹುದಿತ್ತು. ಅಳತೆ ಕೇಳಿದವನನ್ನ ಹಾಗೆ ಕಳಿಸೋಕೆ ಆಗಲಿಲ್ಲ.

ಗ್ರಂಥಪಾಲಕರ ಸಂಘ ಕೇಳಬೇಕಾದದ್ದೂ ಅಳತೆಯನ್ನೇ. ಒಂದು ಹಳ್ಳಿಯ ಗ್ರಂಥಾಲಯ ಅಂದರೆ ಏನು? ದಿನಕ್ಕೆ ಎಷ್ಟು ಹೊತ್ತು ತೆರೆದಿರಬೇಕು, ವರ್ಷಕ್ಕೆ ಎಷ್ಟು ಹೊಸ ಪುಸ್ತಕ ಬರಬೇಕು, ಆ ಪುಸ್ತಕ ಯಾರು ಆರಿಸಬೇಕು, ನಡೆಸುವವರಿಗೆ ಎಷ್ಟು ದಿನದ ತರಬೇತಿ, ಅದಕ್ಕೆ ತಕ್ಕ ಸಂಬಳ ಎಷ್ಟು? ಈ ಕೊಳಗ ಈಗ ಇಲಾಖೆಯ ಕೈಯಲ್ಲಿದೆ. ಇಲಾಖೆ ಬದಲಾದ ಹಾಗೆ ಕೊಳಗವೂ ಬದಲಾಗುತ್ತೆ. 2019ರಲ್ಲಿ 5,600ಕ್ಕೂ ಹೆಚ್ಚು ಹಳ್ಳಿ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಎತ್ತಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು. ಅದರಿಂದ ಒಳ್ಳೆಯದೇ ಆಯ್ತು ಅಂತ ನಾನೇ ಹೇಳ್ತೀನಿ. ಎಷ್ಟೋ ಕಡೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ‘ಓದುವ ಬೆಳಕು’ ಅಂತ ಮಕ್ಕಳನ್ನ ಒಳಗೆ ಕರೆಯುವ ಕಾರ್ಯಕ್ರಮ ಬಂತು, ಅರಿವು ಕೇಂದ್ರ ಅಂತ ಚಂದದ ಹೆಸರೂ ಬಂತು. ಒಳ್ಳೆ ಅಧಿಕಾರಿಗಳು ಇದ್ದರು, ಆಯ್ತು. ನಾಳೆ ಅವರಿಗೆ ವರ್ಗವಾದರೆ? ಒಳ್ಳೆಯ ಒಡೆಯ ಸಿಕ್ಕಿದ ಅಂತ ಕೊಳಗದ ವಿಷಯ ಬಿಟ್ಟುಬಿಡೋಕೆ ಆಗುತ್ತಾ?

ಕವಲೇದುರ್ಗದ ಸುತ್ತಿನ ಹಳ್ಳಿಯೊಂದರಲ್ಲಿ ಮೇಲ್ವಿಚಾರಕಿಯಾಗಿರುವ ಅಕ್ಕನ ಹತ್ತಿರ ಊರಿಗೆ ಹೋದಾಗಲೆಲ್ಲ ಮಾತಾಡಿಸಿಕೊಂಡು ಬರ್ತೀನಿ. ನಿಮಗೆ ಸಂಘ ಇಲ್ವಾ ಅಕ್ಕ ಅಂದೆ. “ಇಲ್ದೆ ಎಂತ ಮಾರಾಯಾ, ಇದೆ. ಧರಣಿಗೆ ಹೋಗಕ್ಕೆ ಬಸ್ ಮಾಡದು ಅವ್ರೇ. ದುಡ್ಡಿನ ಮಾತು ಬಿಟ್ರೆ ಪುಸ್ತಕದ ಮಾತು ಮಾತ್ರ ಯಾರೂ ತೆಗೆಯದಿಲ್ಲ” ಅಂದರು. ಅವರನ್ನ ರಾತ್ರಿ ನಿದ್ದೆಗೆಡಿಸುವ ವಿಷಯ ಸಂಬಳವೊಂದೇ ಅಂತ ತಿಳೀಬೇಡಿ. ಬೂಷ್ಟು.

ಹೌದು, ಬೂಷ್ಟು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗೋದಿಲ್ಲ, ಪುಸ್ತಕ ಹೇಗೆ ಒಣಗುತ್ತೆ? ಗೋಡೆಗೆ ತಾಗಿದ ಕಪಾಟಿನ ಹಿಂದಿನ ಸಾಲು ಪ್ರತೀ ಮಳೆಗಾಲ ಬೆಳ್ಳಗಾಗುತ್ತೆ. ಬೂಷ್ಟು ಬಂದ ಪುಸ್ತಕ ಪಕ್ಕದ ಪುಸ್ತಕಕ್ಕೂ ಹತ್ತಿಸುತ್ತೆ, ಹಾಗಾಗಿ ತೆಗೆದು ಬಿಸಾಡಬೇಕು. ಬಿಸಾಡುವ ಹಾಗಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ನಂಬರ್ ಇದೆ, ಆಡಿಟ್‌ನವರು ಬಂದಾಗ ತೋರಿಸಬೇಕು, ಇಲ್ಲದಿದ್ದರೆ ದುಡ್ಡು ಕಟ್ಟಿ ಅಂತಾರೆ ಅನ್ನೋ ಹೆದರಿಕೆ. ಹಾಗಾಗಿ ಕೊಳೆತ ಪುಸ್ತಕಕ್ಕೆ ಗೋಣಿಚೀಲದಲ್ಲಿ ಜೋಪಾನ, ಹೊಸ ಪುಸ್ತಕಕ್ಕೆ ಬೀರುವಿನಲ್ಲಿ ಬೀಗ. ಮಕ್ಕಳು ಹರಿದರೆ? ತಗೊಂಡು ಹೋದವರು ವಾಪಸ್ ತರದಿದ್ದರೆ? ಗೌರವಧನದಲ್ಲಿ ಕಟ್ಟೋದು ಯಾರು? ಓದುವವರು ಇಲ್ಲ, ಓದುವವರು ಇಲ್ಲ ಅಂತ ನಾವು ಗೋಳಾಡ್ತೀವಿ. ಬೀಗದ ಹಿಂದೆ ಇರುವ ಹೆದರಿಕೆಯನ್ನ ಯಾರೂ ನೋಡೋದಿಲ್ಲ.

ಇದಕ್ಕೆ ಅಳತೆ ಇಲ್ವಾ ಅಂದ್ರೆ, ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯದ ಪುಸ್ತಕಗಳ ಬಗ್ಗೆಯೇ ಒಂದು ನಿಯಮ ಇದೆ. ವರ್ಷದಲ್ಲಿ ಎರವಲು ಹೋದ ಅಥವಾ ಓದುಗರು ತೆಗೆದು ನೋಡಿದ ಪ್ರತಿ 1,000 ಪುಸ್ತಕಕ್ಕೆ 5 ಕಳೆದುಹೋದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆ, ಅಸಡ್ಡೆ ಕಾರಣವಲ್ಲದಿದ್ದರೆ ಸಾಕು. ಸಾವಿರ ರೂಪಾಯಿಗಿಂತ ದುಬಾರಿಯಾದ ಅಥವಾ ಅಪರೂಪದ ಪುಸ್ತಕವಾದರೆ ಮಾತ್ರ ವಿಚಾರಣೆ ಆಗಲೇಬೇಕು. ಎಷ್ಟು ವಿವೇಕದ ಮಾತು ನೋಡಿ! ಬಳಸಿದರೆ ಪುಸ್ತಕ ಸವೆಯುತ್ತೆ, ಕಳೆಯುತ್ತೆ ಅಂತ ಒಪ್ಪಿಕೊಂಡಿದ್ದಾರೆ. ಆದರೆ ಅದು ಕೇಂದ್ರದ ಕಚೇರಿಗಳಿಗೆ. ನಮ್ಮ ಅಕ್ಕನಿಗೆ ಅಂಥದ್ದೊಂದು ನಿಯಮ ಪ್ರಪಂಚದಲ್ಲಿದೆ ಅಂತಲೇ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಬ್ಯಾಗಿನ ಸಂಘದವರಿಗೆ ಇದು ಬಾಯಿಪಾಠ, ಪರೀಕ್ಷೆಗೆ ಓದಿರ್ತಾರೆ. ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ನಡುವೆ ಒಂದು ಪೋಸ್ಟ್ ಕಾರ್ಡಿನಷ್ಟು ದೂರ ಇತ್ತು. ಹಳ್ಳಿ ಗ್ರಂಥಾಲಯಕ್ಕೂ ಇಂಥದ್ದೇ ಲೆಕ್ಕ ಕೊಡಿ, ಮಲೆನಾಡಿಗೆ ಬೂಷ್ಟಿನ ಲೆಕ್ಕ ಬೇರೆ ಕೊಡಿ ಅಂತ ಕೇಳೋಕೆ ಧರಣಿಯೇ ಬೇಕಿಲ್ಲ. ವಿಷಯ ತಿಳಿದವರು ನಾಲ್ಕು ಪುಟದ ಮನವಿ ಬರೆದು, ಐದೂವರೆ ಸಾವಿರ ಜನರ ಸಹಿ ಹಾಕಿಸಿದರೆ ಸಾಕು. ತಿಳಿವಳಿಕೆ ಒಂದು ಸಂಘದಲ್ಲಿದೆ, ಸಹಿ ಇನ್ನೊಂದರಲ್ಲಿದೆ.

ಒಂದಾದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ. ಆಗಸ್ಟ್ 12ಕ್ಕೆ ನಮ್ಮ ಗ್ರಂಥಾಲಯಗಳಲ್ಲೆಲ್ಲ ಎಸ್.ಆರ್. ರಂಗನಾಥನ್ ಅವರ ಫೋಟೋಗೆ ಹಾರ ಹಾಕ್ತಾರಲ್ಲ, ಅವರ ಕತೆಯನ್ನೇ ನೋಡಿ. ಗಣಿತದ ಮೇಷ್ಟ್ರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪುಸ್ತಕ ವಿಂಗಡಿಸುವ ಹೊಸ ಪದ್ಧತಿ, ಗ್ರಂಥಾಲಯದ ಐದು ಸೂತ್ರಗಳು, ಇದೆಲ್ಲ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ, 1928ರಲ್ಲಿ, ಅವರು ಮಾಡಿದ ಕೆಲಸ ಮದ್ರಾಸ್ ಲೈಬ್ರರಿ ಅಸೋಸಿಯೇಷನ್ ಕಟ್ಟಿದ್ದು. ಆ ಸಂಘ ಬರೀ ಪಂಡಿತರ ಕೂಟವಾಗಲಿಲ್ಲ. 1931ರಲ್ಲಿ ಮನ್ನಾರ್‌ಗುಡಿಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಿತು. ಇಪ್ಪತ್ತು ವರ್ಷ ಬಿಡದೆ ಕಾನೂನಿಗೆ ಪಟ್ಟು ಹಿಡಿದು, 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಸ್ವತಂತ್ರ ಭಾರತದಲ್ಲಿ ಮೊದಲನೆಯದು. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ, 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. ನಾವು ಅವರ ಫೋಟೋ ಇಟ್ಟುಕೊಂಡೆವು, ಸಂಘ ಕಟ್ಟುವ ಬುದ್ಧಿ ಇಟ್ಟುಕೊಳ್ಳಲಿಲ್ಲ.

ಕೇರಳದಲ್ಲಿ ಪಿ.ಎನ್. ಪಣಿಕ್ಕರ್ ಅನ್ನೋ ಮೇಷ್ಟ್ರು 1945ರಲ್ಲಿ ಅಂಬಲಪುಳದಲ್ಲಿ 47 ಸಣ್ಣಪುಟ್ಟ ಗ್ರಂಥಾಲಯಗಳನ್ನು ಕೂಡಿಸಿ ಗ್ರಂಥಶಾಲಾ ಸಂಘ ಮಾಡಿದರು. ಇವತ್ತು ಅಲ್ಲಿ ತಾಲ್ಲೂಕಿನಿಂದ ರಾಜ್ಯದವರೆಗೆ ಗ್ರಂಥಾಲಯ ಪರಿಷತ್ತಿಗೆ ಚುನಾವಣೆ ನಡೆಯುತ್ತೆ. ನಮ್ಮಲ್ಲಿ 1965ರ ಕಾಯ್ದೆ ಇದೆ, ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ ನೀವೂ ನಾನೂ ಕಟ್ತಾ ಇದ್ದೀವಿ. ರಾಜಧಾನಿಯ ಪಾಲಿಕೆ ಹಾಗೆ ವಸೂಲು ಮಾಡಿದ ಕರವನ್ನು ಗ್ರಂಥಾಲಯಗಳಿಗೆ ಕೊಡದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡಿದೆ ಅಂತ ಪೇಪರಿನಲ್ಲಿ ಎಷ್ಟು ಸಲ ಬಂದಿಲ್ಲ! ಅಡಿಕೆ ಬೆಳೆಗಾರರ ದುಡ್ಡು ಹೀಗೆ ಯಾರಾದರೂ ಇಟ್ಟುಕೊಂಡಿದ್ದರೆ ಮ್ಯಾಮ್‌ಕೋಸ್‌ನವರು ಬಿಡ್ತಿದ್ರಾ?

ಇನ್ನು ನನ್ನ ಕಸುಬಿಗೆ ಹತ್ತಿರದ ಒಂದು ವಿಷಯ. ಯಾವುದಾದರೂ ಕಾಲೇಜು ಗ್ರಂಥಾಲಯದ ಕಂಪ್ಯೂಟರಿನಲ್ಲಿ ನಮ್ಮ ತೀರ್ಥಹಳ್ಳಿಯವರೇ ಆದ ಅನಂತಮೂರ್ತಿಯವರ ಪುಸ್ತಕ ಹುಡುಕಿ ನೋಡಿ. ಒಂದು ಕಡೆ ಅನಂತಮೂರ್ತಿ ಯು.ಆರ್., ಇನ್ನೊಂದು ಕಡೆ ಯು. ಆರ್. ಅನಂತ ಮೂರ್ತಿ, ಮತ್ತೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ, ಅದರಲ್ಲಿ ಎಚ್ ಎರಡೋ ಒಂದೋ ಅಥವಾ ಇಲ್ಲವೋ ಅದು ಟೈಪ್ ಮಾಡಿದವರ ಇಷ್ಟ. ಒಂದು ಥರ ಹುಡುಕಿದರೆ ನಾಲ್ಕು ಪುಸ್ತಕ, ಇನ್ನೊಂದು ಥರ ಹುಡುಕಿದರೆ ಹತ್ತು. ಕುವೆಂಪು ಒಂದು ಕಪಾಟಿನಲ್ಲಿ, ಪುಟ್ಟಪ್ಪ ಕೆ.ವಿ. ಇನ್ನೊಂದರಲ್ಲಿ. ಹಳೆಯ ದಾಖಲೆಗಳು ಯೂನಿಕೋಡ್‌ಗೂ ಮುಂಚಿನ ಫಾಂಟಿನಲ್ಲಿದ್ದರೆ ಅವು ಹುಡುಕಾಟಕ್ಕೆ ಸಿಗೋದೇ ಇಲ್ಲ. ಇದು ಸಾಫ್ಟ್‌ವೇರಿನ ತಪ್ಪಲ್ಲ. ಕೋಹಾ ಅನ್ನೋ ಪುಕ್ಕಟೆ ತಂತ್ರಾಂಶ ನಮ್ಮ ಎಷ್ಟೋ ಕಾಲೇಜುಗಳಲ್ಲಿದೆ, ನ್ಯೂಜಿಲೆಂಡಿನ ಒಂದು ಗ್ರಾಮಾಂತರ ಜಿಲ್ಲೆಯ ಗ್ರಂಥಾಲಯಗಳಿಗಾಗಿ 2000ದ ಸುಮಾರಿಗೆ ಹುಟ್ಟಿದ್ದು. ಲೇಖಕರ ಹೆಸರಿಗೆ ಒಂದೇ ಅಧಿಕೃತ ರೂಪ ಇಟ್ಟುಕೊಂಡು, ಉಳಿದ ರೂಪಗಳನ್ನು ಅದಕ್ಕೆ ಜೋಡಿಸುವ ವ್ಯವಸ್ಥೆ ಅದರೊಳಗೇ ಇದೆ. ಆದರೆ ಆ ಒಂದು ರೂಪ ಯಾವುದು ಅಂತ ಯಂತ್ರ ಹೇಳೋದಿಲ್ಲ. ಅದನ್ನ ಕಸುಬಿನವರು ಕೂತು ಒಪ್ಪಬೇಕು.

ಈಗ ತಮಾಷೆ ಕೇಳಿ. ಕನ್ನಡದ ಹೆಸರನ್ನು ರೋಮನ್ ಲಿಪಿಯ ಕ್ಯಾಟಲಾಗಿನಲ್ಲಿ ಹೇಗೆ ಬರೆಯಬೇಕು ಅನ್ನೋದಕ್ಕೆ ಒಂದು ಪಟ್ಟಿ ಇದೆ. ಳ ಬಂದರೆ ಎಲ್ ಅಕ್ಷರದ ಕೆಳಗೆ ಚುಕ್ಕೆ, ಹಳಗನ್ನಡದ ೞ ಮತ್ತು ಱ ಬಂದರೆ ಕೆಳಗೆ ಗೆರೆ, ದೀರ್ಘಕ್ಕೆ ಮೇಲೆ ಗೆರೆ, ಎಲ್ಲಾ ಅಚ್ಚುಕಟ್ಟು. ಮಾಡಿದವರು ಯಾರು? ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಮತ್ತು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್. ಸಾವಿರಾರು ಮೈಲಿ ದೂರದ ಗ್ರಂಥಪಾಲಕರ ಸಂಘ ನಮ್ಮ ೞಕಾರದ ಬಗ್ಗೆ ತಲೆ ಕೆಡಿಸಿಕೊಂಡಿದೆ. ನಮ್ಮ ಸಂಘ ಬ್ಯಾಗಿನ ಬಣ್ಣ ಯಾವುದಿರಲಿ ಅಂತ ಯೋಚನೆ ಮಾಡ್ತಾ ಇದೆ. ಕನ್ನಡ ಲೇಖಕರ ಹೆಸರುಗಳ ಒಂದು ಪಟ್ಟಿ, ಅಷ್ಟೇ ಬೇಕಾಗಿರೋದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಗ್ರಂಥಾಲಯ ವಿಜ್ಞಾನ ವಿಭಾಗ ಇದೆ. ಕೆಲಸ ಶುರುಮಾಡಿದರೆ ತಂತ್ರಾಂಶದ ಭಾಗ ಬರೆಯೋಕೆ ನನ್ನಂಥ ಹತ್ತು ಜನ ಶನಿವಾರ ಭಾನುವಾರ ಬಿಟ್ಟಿ ಕೂರ್ತೀವಿ.

ಸಂಘದ ದನಿ ಇಲ್ಲದಿರುವ ಇನ್ನೊಂದು ಜಾಗ ಪುಸ್ತಕ ಖರೀದಿ. ಗ್ರಂಥಾಲಯ ಇಲಾಖೆ ಒಂದು ಪುಸ್ತಕದ ಸುಮಾರು 300 ಪ್ರತಿ ಕೊಳ್ಳುತ್ತೆ, ಆ ಮುನ್ನೂರರ ಮೇಲೆಯೇ ಕನ್ನಡ ಪ್ರಕಾಶನದ ಅರ್ಧ ಜೀವ ನಿಂತಿದೆ. ಖರೀದಿ ತಡವಾದರೆ ಪ್ರಕಾಶಕರು ಹೇಳಿಕೆ ಕೊಡ್ತಾರೆ, ಲೇಖಕರು ಪತ್ರ ಬರೀತಾರೆ, ಮಂತ್ರಿಗಳು ಭರವಸೆ ಕೊಡ್ತಾರೆ. ಆ ಪುಸ್ತಕವನ್ನ ಕಪಾಟಿನಲ್ಲಿ ಇಟ್ಟು, ಯಾರು ಮುಟ್ಟಿದರು, ಯಾರು ಮುಟ್ಟಲಿಲ್ಲ ಅಂತ ದಿನಾ ನೋಡುವವರನ್ನು ಯಾರಾದರೂ ಕೇಳಿದರಾ? ಅಕ್ಕನ ಲೆಕ್ಕದಲ್ಲಿ ಅವರ ಗ್ರಂಥಾಲಯದಲ್ಲಿ ಜಾಸ್ತಿ ಓಡುವುದು ತೇಜಸ್ವಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಮಕ್ಕಳ ಚಿತ್ರದ ಪುಸ್ತಕ. ಬರುವುದು ಬೇರೇನೋ. ಇಂಥ ಲೆಕ್ಕ ಪ್ರತಿ ತಾಲ್ಲೂಕಿನಿಂದ ಒಂದೊಂದು ಪುಟ ಬಂದಿದ್ದರೆ ಯಾವ ಆಯ್ಕೆ ಸಮಿತಿಯೂ ಅದನ್ನ ಪಕ್ಕಕ್ಕೆ ಸರಿಸೋಕೆ ಆಗ್ತಿರಲಿಲ್ಲ.

ಪುಸ್ತಕದ ಮೇಲೆ ಗಲಾಟೆ ಆದಾಗಲೂ ಅಷ್ಟೇ. ‘ಢುಂಢಿ’ ಬರೆದವರನ್ನು 2013ರಲ್ಲಿ ಬಂಧಿಸಿದಾಗ ಸಾಹಿತಿಗಳು ಮಾತಾಡಿದರು, ಪರ ವಿರೋಧ ಎರಡೂ. ಗ್ರಂಥಪಾಲಕರ ಸಂಘವೊಂದರ ಹೇಳಿಕೆ ನನ್ನ ಕಣ್ಣಿಗೆ ಬೀಳಲಿಲ್ಲ. ಅಮೆರಿಕದ ಸಂಘ ಓದುಗರ ಹಕ್ಕಿನ ಬಗ್ಗೆ ತನ್ನ ನಿಲುವನ್ನ 1939ರಲ್ಲೇ ಬರೆದಿಟ್ಟುಕೊಂಡಿದೆ. ನಮ್ಮೂರಲ್ಲಿ ನಾಲ್ಕು ಜನ ಬೈಕಿನಲ್ಲಿ ಬಂದು ಈ ಪುಸ್ತಕ ಯಾಕೆ ಇಟ್ಟಿದೀಯಾ ಅಂತ ಕೇಳಿದರೆ ಗೌರವಧನದ ಒಬ್ಬ ಹೆಂಗಸು ಏನು ತೋರಿಸಬೇಕು? “ನಮ್ಮ ಸಂಘದ ನಿಯಮ ಇದು, ನಾನು ತೆಗೆಯೋ ಹಾಗಿಲ್ಲ” ಅನ್ನೋಕೆ ಒಂದು ಹಾಳೆ ಬೇಡವೇ?

ಕವಲೇದುರ್ಗದ ಕೋಟೆಯ ವಿಷಯ ಬಂದೇ ಬಿಟ್ಟಿತು. ವಾರದ ಕೊನೆಗೆ ಬೆಂಗಳೂರು ಮಂಗಳೂರಿನಿಂದ ಕಾರು ಬರ್ತವೆ. ಹತ್ತಿ, ಶಿಖರೇಶ್ವರ ದೇವಸ್ಥಾನದ ಹತ್ತಿರ ಫೋಟೋ ತೆಗೆದು, ಇಳೀತಾರೆ. ಕಲ್ಲಿಗೆ ಪುರಾತತ್ವ ಇಲಾಖೆಯ ಕಾವಲಿದೆ. ಕಾವಲು ದುರ್ಗವೇ ಕವಲೇದುರ್ಗ ಆಯ್ತು ಅನ್ನುವವರೂ ಇದ್ದಾರೆ. ಈ ಕೆಳದಿ ಅರಸರ ಮನೆಯಲ್ಲೇ ಬಸವರಾಜ 18ನೇ ಶತಮಾನದ ಶುರುವಿನಲ್ಲಿ ‘ಶಿವತತ್ತ್ವ ರತ್ನಾಕರ’ ಅನ್ನೋ ಸಂಸ್ಕೃತ ವಿಶ್ವಕೋಶ ಬರೆದ. ಪುಸ್ತಕಕ್ಕೆ ಬೆಲೆ ಕೊಟ್ಟ ಜನ. 1763ರಲ್ಲಿ ಹೈದರಾಲಿ ಬಂದ, ರಾಜ್ಯ ಹೋಯ್ತು. ಮೇಲೆ ಅರಮನೆಯ ಅಡಿಪಾಯ ಇದೆ, ಕೊಳ ಇದೆ, ಒಂದು ಓಲೆ ಇಲ್ಲ. ಉಳಿದ ತಾಳೆಗರಿ, ಕಡತ ಉಳಿದದ್ದು ಸುತ್ತಮುತ್ತಲ ಮನೆಗಳ ಅಟ್ಟದಲ್ಲಿ. ಅವನ್ನು ಹುಡುಕಿ ಕೂಡಿಸಿ ಕೆಳದಿಯಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದು ಕೆಳದಿ ಗುಂಡಾ ಜೋಯಿಸರ ಹಠ. ಈಗಲೂ ನಮ್ಮ ಕಡೆಯ ಅಟ್ಟಗಳಲ್ಲಿ ತಿಗಳಾರಿ ಓಲೆಗಳು, ಬಳಪದಲ್ಲಿ ಬರೆದ ಕಪ್ಪು ಕಡತಗಳು ಇರಬಹುದು. ಯಾವ ಮನೆಯಲ್ಲಿ ಏನಿದೆ ಅಂತ ಊರಲ್ಲಿ ಕೇಳಿ ತಿಳಿಯಬಲ್ಲವರು ಪ್ರೊಫೆಸರಲ್ಲ, ಪಂಚಾಯಿತಿ ಗ್ರಂಥಾಲಯದ ಅಕ್ಕ. ಸಿಕ್ಕಿದ್ದನ್ನ ಹೇಗೆ ಹಿಡಿಯಬೇಕು, ಯಾವ ಎಣ್ಣೆ ಹಾಕಬೇಕು, ಹೇಗೆ ಸ್ಕ್ಯಾನ್ ಮಾಡಬೇಕು ಅಂತ ಗೊತ್ತಿರುವವರು ಪ್ರೊಫೆಸರು. ಮನೆ ಮಾರಿ ಊರು ಬಿಡುವವರು ವರ್ಷವರ್ಷ ಹೆಚ್ಚಾಗ್ತಿದ್ದಾರೆ. ಅಟ್ಟ ಖಾಲಿ ಮಾಡುವಾಗ ಗುಜರಿಯವನು ಮಾತ್ರ ಸರಿಯಾದ ಹೊತ್ತಿಗೆ ಬರ್ತಾನೆ.

ಹಾಗಾಗಿ ಮುಂದಿನ ಸಮ್ಮೇಳನವನ್ನ ಬೆಂಗಳೂರಿನ ಹೋಟೆಲಿನಲ್ಲಿ ಮಾಡಬೇಡಿ, ತೀರ್ಥಹಳ್ಳಿಯಲ್ಲಿ ಮಾಡಿ. ಜುಲೈನಲ್ಲಿ ಮಾಡಿ, ಮಳೆ ಜೋರಿರುವಾಗ. ಮೇಲ್ವಿಚಾರಕರಿಗೆ ನೋಂದಣಿ ಶುಲ್ಕ ಬೇಡ, ಪೂರ್ತಿ ಸದಸ್ಯತ್ವ ಕೊಡಿ, ಮತದ ಹಕ್ಕಿನ ಸಮೇತ. ಡಿಗ್ರಿ ಇಲ್ಲ ಅಂತೀರಾ? ತರಬೇತಿ ಕೊಡೋದು ನಿಮ್ಮದೇ ಕೆಲಸ. ಮೇಲ್ವಿಚಾರಕರ ಸಂಘದವರೂ ಅಷ್ಟೇ, ಬೇಡಿಕೆ ಪಟ್ಟಿಯಲ್ಲಿ ಸಂಬಳದ ಕೆಳಗೆ ಪುಸ್ತಕಕ್ಕೂ ನಾಲ್ಕು ಸಾಲು ಬರೀರಿ. ಮೊದಲ ದಿನದ ಮೊದಲ ಗೋಷ್ಠಿಗೆ ಅಕ್ಕ ತಮ್ಮ ಗೋಣಿಚೀಲ ತರ್ತಾರೆ. ವೇದಿಕೆಯ ಮೇಲೆ ಬಿಚ್ಚಿ, ವಾಸನೆ ತಡ್ಕೊಳ್ಳಿ, ಇದರಲ್ಲಿ ಯಾವ ಪುಸ್ತಕ ಉಳಿಸಬೇಕು, ಯಾವುದನ್ನ ರಿಜಿಸ್ಟರಿನಿಂದ ಹೊಡೆದುಹಾಕಬೇಕು ಅಂತ ಅವರಿಗೆ ಬರವಣಿಗೆಯಲ್ಲಿ ಕೊಟ್ಟು ಕಳಿಸಿ.